20ರಿಂದ 120 ಮೈಕ್ರಾನ್: ಒಂದು ಕವರಿನ ಚರಿತ್ರೆ

ನಮ್ಮ ಬೀದಿಯಲ್ಲಿ ಸೊಪ್ಪು ಮಾರುವಾಕೆ ಕವರಿನ ಕಟ್ಟನ್ನು ತಕ್ಕಡಿಯ ಪಕ್ಕ ಇಡುವುದಿಲ್ಲ. ಅದು ಒದ್ದೆ ಗೋಣಿಯ ಕೆಳಗಿರುತ್ತದೆ. ಬರಿಗೈಯಲ್ಲಿ ಬಂದವರು ‘ಒಂದು ಕವರ್ ಕೊಡಮ್ಮ’ ಎಂದರೆ, ಅತ್ತಿತ್ತ ನೋಡಿ ಒಂದನ್ನು ಎಳೆದು, ಬೆರಳು ಒದ್ದೆ ಮಾಡಿಕೊಂಡು ಅದರ ಬಾಯಿ ಬಿಡಿಸುತ್ತಾಳೆ. ಈ ಪ್ಲಾಸ್ಟಿಕ್ ಕವರ್ ಕರ್ನಾಟಕದಲ್ಲಿ ನಿಷೇಧವಾಗಿದ್ದು 2016ರ ಮಾರ್ಚ್ 11ರಂದು.

ಬನಿಯನ್ ಆಕಾರದ ಈ ಚೀಲ ಸ್ವೀಡನ್ನಿನದು. ಸೆಲ್ಲೋಪ್ಲಾಸ್ಟ್ ಎಂಬ ಕಂಪನಿಗಾಗಿ ಸ್ಟೆನ್ ಗುಸ್ತಾಫ್ ಥುಲಿನ್ ರೂಪಿಸಿದ ಇದಕ್ಕೆ 1965ರಲ್ಲಿ ಪೇಟೆಂಟ್ ಸಿಕ್ಕಿತು. ಅದು ನಮ್ಮೂರಿನ ಅಂಗಡಿಗಳಿಗೆ ಬರುವ ಮೊದಲು ಸಕ್ಕರೆ ಕಾಗದದ ಪೊಟ್ಟಣದಲ್ಲಿ ಬರುತ್ತಿತ್ತು. ಅದನ್ನು ಕಟ್ಟಲು ಶೆಟ್ಟರ ತಲೆಯ ಮೇಲೆ ನೂಲಿನ ಉಂಡೆ ನೇತಾಡುತ್ತಿತ್ತು. ಎಣ್ಣೆಗೆ ಸೀಸೆ ಒಯ್ಯಬೇಕಿತ್ತು, ಹೂವು ಬಾಳೆಲೆಯಲ್ಲಿ ಬರುತ್ತಿತ್ತು. ಹಾಗೆಂದು ಹಳೆಯದೆಲ್ಲ ಚಿನ್ನ ಎನ್ನಲಾರೆ. ಬಿಸಿ ಬೋಂಡಾಗೆ ಅಂಟುತ್ತಿದ್ದ ಪತ್ರಿಕೆಯ ಮಸಿ ಹೊಟ್ಟೆಗೆ ಒಳ್ಳೆಯದಲ್ಲ. ತರಕಾರಿಗೆ ಒಯ್ಯುತ್ತಿದ್ದ ವೈರ್ ಬುಟ್ಟಿಯೂ ಪ್ಲಾಸ್ಟಿಕ್ಕೇ, ಆದರೆ ಅಮ್ಮ ಒಂದನ್ನೇ ಹದಿನೈದು ವರ್ಷ ಬಳಸಿದಳು.

ಭಾರತದ ಕಾನೂನು ಈ ಚೀಲವನ್ನು ಮೊದಲು ಅಳೆದದ್ದು 1999ರಲ್ಲಿ. 20 ಮೈಕ್ರಾನ್‌ಗಿಂತ ತೆಳ್ಳಗಿರಬಾರದು ಎಂಬುದು ಆಗಿನ ನಿಯಮ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. 2011ರಲ್ಲಿ ಅದು 40 ಆಯಿತು, 2016ರಲ್ಲಿ 50, 2021ರ ಸೆಪ್ಟೆಂಬರ್ ಕೊನೆಗೆ 75, 2022ರ ಡಿಸೆಂಬರ್ ಕೊನೆಗೆ 120. ಇದರ ಹಿಂದೆ ಲೆಕ್ಕಾಚಾರವಿಲ್ಲದೆ ಇಲ್ಲ. ತೆಳು ಚೀಲಕ್ಕೆ ತೂಕವಿಲ್ಲ, ತೂಕವಿಲ್ಲದ್ದನ್ನು ಚಿಂದಿ ಆಯುವವರು ಹೆಕ್ಕುವುದಿಲ್ಲ. ದಪ್ಪವಾದರೆ ಗುಜರಿಯಲ್ಲಿ ಬೆಲೆ ಬರುತ್ತದೆ. ಅಂಗಡಿಯವನಿಗೂ ದುಬಾರಿಯಾಗಿ ಪುಕ್ಕಟೆ ಹಂಚಲು ಕೈ ಬರುವುದಿಲ್ಲ. ಆದರೆ 40 ಮೈಕ್ರಾನ್ ಯಾವುದು, 50 ಯಾವುದು ಎಂದು ಬೆರಳಿನಲ್ಲಿ ಉಜ್ಜಿ ಹೇಳುವವರು ಯಾರು? ಅಳೆಯುವ ಉಪಕರಣ ಹಿಡಿದು ಅಧಿಕಾರಿ ಬರುವ ದಿನ ಬಿಟ್ಟು ಉಳಿದ ದಿನಗಳಲ್ಲಿ ಈ ನಿಯಮ ಯಾರ ಕಣ್ಣಿಗೂ ಬೀಳುವಂಥದ್ದಲ್ಲ.

2016ರ ಮಾರ್ಚ್‌ನಲ್ಲಿ ನಡೆದದ್ದು ಇನ್ನೂ ಸ್ವಾರಸ್ಯ. ದಪ್ಪ ಎಷ್ಟೇ ಇರಲಿ, ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸ್, ಊಟದ ಮೇಜಿಗೆ ಹಾಸುವ ಹಾಳೆ, ಯಾವುದೂ ಬೇಡ ಎಂದು ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿತು. ಒಂದು ವಾರದ ಬಳಿಕ, ಮಾರ್ಚ್ 18ರಂದು, ಕೇಂದ್ರದ ಹೊಸ ನಿಯಮಗಳು ಬಂದವು: 50 ಮೈಕ್ರಾನ್ ಇದ್ದರೆ ಸರಿ, ಆದರೆ ಚೀಲ ಕೊಡುವ ಅಂಗಡಿ ಸ್ಥಳೀಯ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡು ವರ್ಷಕ್ಕೆ ಕನಿಷ್ಠ 48,000 ರೂಪಾಯಿ ಕಟ್ಟಬೇಕು. ನನ್ನ ಮಟ್ಟಿಗೆ ಇಡೀ ಚರಿತ್ರೆಯಲ್ಲಿ ಗಿರಾಕಿಯ ಜೇಬಿನ ತನಕ ತಲುಪಬಹುದಾಗಿದ್ದ ನಿಯಮ ಇದೊಂದೇ. 2018ರ ತಿದ್ದುಪಡಿಯಲ್ಲಿ ಅದನ್ನೇ ಕೈಬಿಟ್ಟರು.

ಜೇಬಿನ ಮಾತು ಬಂದರೆ ಐರ್ಲೆಂಡ್ ನೆನಪಾಗಬೇಕು. 2002ರ ಮಾರ್ಚ್‌ನಲ್ಲಿ ಅಲ್ಲಿ ಪ್ರತಿ ಚೀಲಕ್ಕೆ 15 ಸೆಂಟ್ ತೆರಿಗೆ ಹಾಕಿದರು. ತಲೆಗೆ ವರ್ಷಕ್ಕೆ 328ರಷ್ಟಿದ್ದ ಚೀಲಗಳ ಬಳಕೆ 21ಕ್ಕೆ ಇಳಿಯಿತು. ಅದೇ ವರ್ಷ ಬಾಂಗ್ಲಾದೇಶ ತೆಳು ಚೀಲಗಳನ್ನು ಪೂರ್ತಿ ನಿಷೇಧಿಸಿತು. ಪ್ರವಾಹದಲ್ಲಿ ಢಾಕಾದ ಚರಂಡಿಗಳು ಕಟ್ಟಿಕೊಂಡದ್ದು ಅದಕ್ಕೆ ಕಾರಣ. ಆ ನಿಷೇಧವನ್ನು 2024ರಲ್ಲಿ ಮತ್ತೊಮ್ಮೆ ಮೊದಲಿನಿಂದ ಜಾರಿಗೆ ತರಬೇಕಾಯಿತು.

ಇಲ್ಲಿ ಕವರ್ ವೇಷ ಬದಲಿಸಿತು. ಬಟ್ಟೆ ಅಂಗಡಿಯಲ್ಲಿ ಕೊಡುವ, ಮದುವೆಯಲ್ಲಿ ವಧೂವರರ ಹೆಸರು ಅಚ್ಚು ಹಾಕಿಸಿ ತೆಂಗಿನಕಾಯಿ ಹಾಕಿಕೊಡುವ ಆ ಬಣ್ಣದ ಚೀಲವನ್ನು ಬಟ್ಟೆಯದೆಂದೇ ಬಹಳ ಜನ ನಂಬಿದ್ದಾರೆ. ಹರಿದು ನೋಡಿದರೆ ಅದರಲ್ಲಿ ಹಾಸು ಹೊಕ್ಕಿನ ನೂಲಿಲ್ಲ. ದೀಪಕ್ಕೆ ಹಿಡಿದರೆ ಬೂದಿಯಾಗದೆ ಕರಗಿ ಮುದುಡುತ್ತದೆ. ಪಾಲಿಪ್ರೊಪಿಲೀನ್ ಎಳೆಗಳನ್ನು ಒತ್ತಿ ಮಾಡಿದ ಹಾಳೆ ಅದು, ಪ್ಲಾಸ್ಟಿಕ್ಕೇ. ಅಂಥದ್ದೊಂದು ತಾಂಬೂಲದ ಚೀಲಕ್ಕೆ ಬಟ್ಟೆ ಕ್ಲಿಪ್ಪುಗಳನ್ನು ತುಂಬಿ ಮಹಡಿಯ ಮೇಲೆ ತೂಗುಹಾಕಿದ್ದೆ. ಎರಡು ಬೇಸಿಗೆ ಕಳೆದ ಮೇಲೆ ಮುಟ್ಟಿದರೆ ವಧುವಿನ ಹೆಸರು ಪುಡಿಯಾಗಿ ಕೈಗೆ ಬಂತು.

ಪೊಟ್ಟಣಗಳ ಕಡೆಗಂತೂ ಕಾನೂನು ಹೆಚ್ಚು ಕೈ ಚಾಚಿಲ್ಲ. 2011ರಲ್ಲಿ ಗುಟ್ಕಾಕ್ಕೆ ಪ್ಲಾಸ್ಟಿಕ್ ಪೊಟ್ಟಣ ಬೇಡವೆಂದಾಯಿತು. 2022ರ ಜುಲೈ 1ರಿಂದ ಸ್ಟ್ರಾ, ಮಿಠಾಯಿ ಡಬ್ಬದ ಮೇಲಿನ ಹೊದಿಕೆ, ಕಿವಿಕಡ್ಡಿಗಳಂಥವು ದೇಶದಾದ್ಯಂತ ಹೋದವು. ಒಂದು ರೂಪಾಯಿಯ ಶಾಂಪೂ, ಚಿಪ್ಸ್ ಪ್ಯಾಕೆಟ್ ಹಾಗೇ ಉಳಿದವು. ಹಾಲಿನ ಪ್ಯಾಕೆಟ್‌ಗೆ ರಾಜ್ಯದ ನಿಷೇಧದಲ್ಲೇ ವಿನಾಯಿತಿ ಇದೆ. ಅದು ಗುಜರಿಗೆ ಹೋಗುತ್ತದೆ ನಿಜ, ಆದರೆ ನಾವು ಕತ್ತರಿಸಿ ಎಸೆದ ಮೂಲೆಯ ಚೂರು ಹೋಗುವುದಿಲ್ಲ. ಮೂಲೆಯನ್ನು ಪೂರ್ತಿ ಕತ್ತರಿಸದೆ ತುಸು ಅಂಟಿಕೊಂಡಿರುವಂತೆ ಬಿಡುವುದನ್ನು ನಾನು ಕಲಿತದ್ದು ಈಚೆಗೆ. ಇತ್ತ ಹೋಟೆಲುಗಳಲ್ಲಿ ಇಡ್ಲಿ ತಟ್ಟೆಯ ಬಟ್ಟೆಯ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂದು ಕೂತಿತ್ತು. 2025ರಲ್ಲಿ ಆರೋಗ್ಯ ಇಲಾಖೆ ಅದನ್ನು ತಡೆಯಲು ಹೊರಡಬೇಕಾಯಿತು.

ಸೊಪ್ಪಿನಾಕೆಗೆ ಮೈಕ್ರಾನ್ ಗೊತ್ತಿಲ್ಲ, ಕವರಿನ ಕಟ್ಟಿಗೆ ತಾನು ಕೊಟ್ಟ ದುಡ್ಡು ಗೊತ್ತು. ಚೀಲದ ಬಾಯಿ ಅಗಲಿಸಿ ಹಿಡಿದವರಿಗೆ ಎರಡು ಕಡ್ಡಿ ಕರಿಬೇವು ಕೊಸರಾಗಿ ಬೀಳುತ್ತದೆ. ಕವರ್ ಕೇಳಿದವರಿಗೆ ಬೀಳುವುದಿಲ್ಲ.