ಮೈಕ್ ಇಲ್ಲದೆ ಆರ್ಕೆಸ್ಟ್ರಾ ದಾಟಿ ಬರುವ ದನಿ

ಪಾಶ್ಚಾತ್ಯ ಸಂಗೀತ ರಚನೆಕಾರ ಬೀಥೋವನ್‌ನ ಒಂಬತ್ತನೇ ಸಿಂಫನಿಯನ್ನು, ಅಂದರೆ ಆರ್ಕೆಸ್ಟ್ರಾಕ್ಕೆಂದು ಬರೆದ ದೊಡ್ಡ ಕೃತಿಯನ್ನು, ಎದುರಿಗೇ ಕೂತು ಕೇಳಬೇಕು. ಮೊದಲ ಮೂರು ಭಾಗಗಳಲ್ಲಿ ಬರೀ ವಾದ್ಯಗಳು. ಕೋರಸ್‌ನವರು ಬಾಯಿ ಬಿಡುವುದಿಲ್ಲ. ನಾಲ್ಕನೆಯದರಲ್ಲಿ ಇಡೀ ಆರ್ಕೆಸ್ಟ್ರಾ ಅಬ್ಬರಿಸಿದ ಮೇಲೆ ಮಂದ್ರ ದನಿಯ ಗಾಯಕನೊಬ್ಬ ಹಾಡಲು ಶುರು ಮಾಡುತ್ತಾನೆ. ಹಿಂದೆ ಅಷ್ಟೆಲ್ಲ ಪಿಟೀಲು, ಕಹಳೆ, ನಗಾರಿ. ಆದರೂ ಅವನ ದನಿ ಕೊನೇ ಸಾಲಿಗೂ ಕೇಳುತ್ತದೆ. 1824ರ ಮೇ 7ರಂದು ವಿಯೆನ್ನಾದಲ್ಲಿ ಇದು ಮೊದಲು ನುಡಿದಾಗ ಮೈಕ್ ಇನ್ನೂ ಹುಟ್ಟಿರಲೇ ಇಲ್ಲ.

ದೇವರು ಕೊಟ್ಟ ಕಂಠ ಎಂದೋ, ದೊಡ್ಡ ಎದೆಗೂಡು ಎಂದೋ ಹೇಳಿ ಕೈ ತೊಳೆದುಕೊಳ್ಳುವವರೇ ಜಾಸ್ತಿ. ನನಗೆ ಇದು ಒಪ್ಪಿಗೆಯಿಲ್ಲ, ಯಾಕೆಂದರೆ ವರ್ಷಗಟ್ಟಲೆ ಸಾಧನೆ ಮಾಡಿ ಕಲಿತದ್ದನ್ನು ನಾವು ಪವಾಡ ಅಂದುಬಿಡುತ್ತೇವೆ. ಬರೀ ಜೋರಿನ ಪೈಪೋಟಿಯಾದರೆ ಆರ್ಕೆಸ್ಟ್ರಾ ಎದುರು ಒಂಟಿ ಗಂಟಲು ಗೆಲ್ಲುವುದಿಲ್ಲ.

ಗುಟ್ಟು ಇರುವುದು ಕಂಪನಾಂಕದಲ್ಲಿ. ಆರ್ಕೆಸ್ಟ್ರಾದ ಶಕ್ತಿ ಹೆಚ್ಚಾಗಿ ಸೇರುವುದು 500 ಹರ್ಟ್ಜ್ (ಸೆಕೆಂಡಿಗೆ 500 ಕಂಪನ) ಆಸುಪಾಸಿನಲ್ಲಿ. ಅಲ್ಲಿಂದ ಮೇಲೇರಿದಂತೆ ಅದು ಇಳಿಯುತ್ತಾ ಹೋಗುತ್ತದೆ. ಪಳಗಿದ ಗಾಯಕ ಧ್ವನಿಪೆಟ್ಟಿಗೆಯನ್ನು ತುಸು ಕೆಳಗಿಳಿಸಿ, ಅದರ ಮೇಲಿನ ಗಂಟಲನ್ನು ಅಗಲಿಸುತ್ತಾನೆ. ಧ್ವನಿತಂತುಗಳ ನೇರ ಮೇಲಿರುವ ಇಕ್ಕಟ್ಟಾದ ಪುಟ್ಟ ಕೊಳವೆ ಆಗ ಅಗಲವಾದ ಜಾಗಕ್ಕೆ ತೆರೆದುಕೊಳ್ಳುತ್ತದೆ. ಈ ವ್ಯತ್ಯಾಸ ಸಾಕಷ್ಟಿದ್ದರೆ ಆ ಕೊಳವೆಯೇ ಬೇರೊಂದು ಅನುರಣನ ಪೆಟ್ಟಿಗೆಯಾಗಿ 3000 ಹರ್ಟ್ಜ್ ಸುತ್ತಮುತ್ತಲಿನ ಸ್ವರಾಂಶಗಳನ್ನು ಎತ್ತಿ ಹಿಡಿಯುತ್ತದೆ. ಜನ ಗಿಜಿಗುಡುವ ಮುಖ್ಯರಸ್ತೆ ಬಿಟ್ಟು ಪಕ್ಕದ ಖಾಲಿ ಓಣಿ ಹಿಡಿದ ಹಾಗೆ! ನಮ್ಮ ಕಿವಿಯ ನಾಳವೂ ಹೆಚ್ಚುಕಮ್ಮಿ ಅದೇ ಕಂಪನಕ್ಕೆ ಮಿಡಿಯುವುದರಿಂದ ಆ ಓಣಿಯ ಸದ್ದು ನಮಗೆ ಇನ್ನೂ ಚುರುಕಾಗಿ ಕೇಳಿಸುತ್ತದೆ. ಮೇಲಿನ ಕಂಪನಗಳು ಬಾಯಿಯಿಂದ ಸುತ್ತ ಚದುರದೆ ಹೆಚ್ಚಾಗಿ ಮುಂದಕ್ಕೇ, ಅಂದರೆ ಸಭಿಕರ ಕಡೆಗೇ ಬರುತ್ತವೆ ಕೂಡ.

1970ರ ದಶಕದಲ್ಲಿ ಇದನ್ನು ಬಿಡಿಸಿಟ್ಟವರು ಸ್ವೀಡನ್ನಿನ ವಿಜ್ಞಾನಿ ಯೊಹಾನ್ ಸುಂಡ್‌ಬರ್ಗ್. ತಮ್ಮ ದೇಶದವರೇ ಆದ ಟೆನರ್ (ಎತ್ತರದ ಗಂಡು ದನಿಯ ಗಾಯಕ) ಯೂಸ್ಸಿ ಬ್ಯೋರ್ಲಿಂಗ್ ಆರ್ಕೆಸ್ಟ್ರಾ ಜೊತೆ ಹಾಡಿದ್ದನ್ನು ಅವರು ವಿಶ್ಲೇಷಿಸಿದರು. ಯಾವ ಕಂಪನಾಂಕದಲ್ಲಿ ಎಷ್ಟು ಸದ್ದು ಎಂದು ತೋರಿಸುವ ನಕ್ಷೆಯಲ್ಲಿ, ಬರೀ ಆರ್ಕೆಸ್ಟ್ರಾದ ಗೆರೆ ಇಳಿಯುತ್ತಾ ಹೋಗುವ ಕಡೆ, ಹಾಡು ಸೇರಿದ ಗೆರೆಯಲ್ಲಿ ದಿಬ್ಬವೊಂದು ಎದ್ದಿತ್ತು. ಇದಕ್ಕೆ ಸಿಂಗರ್ಸ್ ಫಾರ್ಮಂಟ್ ಅನ್ನುತ್ತಾರೆ. ತಾರಸ್ಥಾಯಿಯಲ್ಲಿ ಹಾಡುವ ಗಾಯಕಿಯರಾದ ಸೊಪ್ರಾನೊಗಳ ದಾರಿ ಬೇರೆ. ಅವರ ಮೂಲ ಸ್ವರವೇ 500 ಹರ್ಟ್ಜ್ ದಾಟಿ ಮೇಲಿರುತ್ತದೆ, ಅದಕ್ಕೆ ಹೊಂದುವಂತೆ ಅವರು ಬಾಯಿ ಅಗಲಿಸಿ ಅನುರಣನವನ್ನು ಕೂಡಿಸಿಕೊಳ್ಳುತ್ತಾರೆ.

ಕೋರಸ್‌ನಲ್ಲಿ ಇದೆಲ್ಲ ತಿರುವುಮುರುವು. ಅಲ್ಲಿ ಒಬ್ಬರ ದನಿ ಎದ್ದು ಕೇಳಿದರೆ ಅದೇ ತಪ್ಪು, ಅಲ್ವಾ? ಹಾಗಾಗಿ ಒಂಟಿಯಾಗಿ ಹಾಡುವಾಗ ಎತ್ತಿದ ಆ ದಿಬ್ಬವನ್ನು ಗಾಯಕರು ಗುಂಪಿನಲ್ಲಿ ತಗ್ಗಿಸುತ್ತಾರೆ. ಒಬ್ಬೊಬ್ಬರ ಸ್ವರವೂ ಕೂದಲೆಳೆಯಷ್ಟು ಆಚೀಚೆ ಇದ್ದು, ಎಲ್ಲ ಕಲೆತಾಗ ಯಾರದ್ದೂ ಅಲ್ಲದ ಒಂದು ದೊಡ್ಡ ದನಿ ಹುಟ್ಟುತ್ತದೆ.