ಮನೆಯಲ್ಲಿ ಮಾಡಿದ ಸ್ಟೇಕ್ ಸಾಸ್ ಹುಳಿ ಕೆಚಪ್‌ನಂತೆ ಏಕಾಗುತ್ತದೆ?

ಓದುಗರ ಪ್ರಶ್ನೆ: ಸ್ಟೇಕ್ ಅಂದರೆ ಹುರಿದ ದಪ್ಪ ಮಾಂಸದ ಹೋಳಿನ ಜೊತೆ ಬಡಿಸುವ, ಎ.1 ಬ್ರ್ಯಾಂಡಿನ ಬಾಟಲಿಯಂಥ ಸ್ಟೇಕ್ ಸಾಸ್ ನಮ್ಮೂರಿನ ಅಂಗಡಿಗಳಲ್ಲಿ ಸಿಗುವುದಿಲ್ಲ, ಸಿಕ್ಕರೂ ದುಬಾರಿ. ಟೊಮ್ಯಾಟೊ ಕೆಚಪ್‌ಗೆ ವಿನೆಗರ್, ವೂಸ್ಟರ್‌ಶೈರ್ ಸಾಸ್, ಸ್ವಲ್ಪ ಸಾಸಿವೆ ಪುಡಿ ಬೆರೆಸಿ ಮಾಡಿದರೆ ಕೆಚಪ್‌ಗೇ ಹುಳಿ ಹಿಂಡಿದ ಹಾಗಾಗುತ್ತದೆ. ಅಡುಗೆಮನೆಯ ಸಾಮಾನುಗಳಲ್ಲೇ ಆ ರುಚಿ ತರಲು ಸಾಧ್ಯವೇ?

ಉತ್ತರ: ಸಾಧ್ಯ. ಆದರೆ ಕೆಚಪ್ ಬಾಟಲಿಯನ್ನು ಮೊದಲು ಪಕ್ಕಕ್ಕಿಡಬೇಕು. ಕೆಚಪ್ ಎಂದರೆ ಸಕ್ಕರೆ, ವಿನೆಗರ್, ಉಪ್ಪು, ಮಸಾಲೆ ಎಲ್ಲ ಆಗಲೇ ಬೆರೆತು ಮುಗಿದಿರುವ ಸಾಸ್. ಅದಕ್ಕೆ ಏನೇ ಸೇರಿಸಿದರೂ ಅದರ ರುಚಿಯೇ ಮೇಲುಗೈ. ಸ್ಟೇಕ್ ಸಾಸ್‌ನ ಜೀವ ಇರುವುದು ಒಣದ್ರಾಕ್ಷಿಯಲ್ಲಿ ಮತ್ತು ಎರಡು ಬಗೆಯ ಹುಳಿಯಲ್ಲಿ. ಟೊಮ್ಯಾಟೊ ಇದೆ, ಆದರೆ ಮೈಕಟ್ಟಿಗೆ ಮಾತ್ರ.

ಅಮೆರಿಕದಲ್ಲಿ ಮಾರುವ ಎ.1 ಬಾಟಲಿಯ ಹಿಂಬದಿ ಓದಿದರೆ ಟೊಮ್ಯಾಟೊ ಪ್ಯೂರಿ, ವಿನೆಗರ್‌ಗಳ ಜೊತೆಗೆ ಒಣದ್ರಾಕ್ಷಿ ಪೇಸ್ಟ್, ಕಿತ್ತಳೆ ಪ್ಯೂರಿ, ಬೆಳ್ಳುಳ್ಳಿ, ಸೆಲರಿ ಬೀಜ ಕಾಣುತ್ತವೆ. ಈ ಸಾಸ್ ಮೂಲತಃ ಇಂಗ್ಲೆಂಡಿನದು. ಅದರ ನೆಂಟನಾದ ಎಚ್‌ಪಿ ಸಾಸ್‌ನ ಹೆಸರನ್ನು ನಾಟಿಂಗ್‌ಹ್ಯಾಮ್‌ನ ದಿನಸಿ ವ್ಯಾಪಾರಿ ಫ್ರೆಡರಿಕ್ ಗಿಬ್ಸನ್ ಗಾರ್ಟನ್ 1895ರಲ್ಲಿ ನೋಂದಾಯಿಸಿದ. ಅದರಲ್ಲಿ ಖರ್ಜೂರ, ಕಾಕಂಬಿ ಮತ್ತು ನಮ್ಮ ಹುಣಸೆಹಣ್ಣು ಇವೆ. 1837ರಿಂದ ಮಾರಾಟದಲ್ಲಿರುವ ಲೀ ಆ್ಯಂಡ್ ಪೆರಿನ್ಸ್ ವೂಸ್ಟರ್‌ಶೈರ್ ಸಾಸ್‌ನಲ್ಲೂ ಹುಣಸೆ ಇದೆ. ಹುಣಸೆಗೊಜ್ಜು ಕುದಿಸಿ ಗೊತ್ತಿರುವವರಿಗೆ ಈ ಸಾಸ್ ಅಪರಿಚಿತವೇನಲ್ಲ. ಹುಳಿ, ಸಿಹಿ, ಉಪ್ಪುಗಳನ್ನು ಒಂದು ಹದಕ್ಕೆ ತರುವ ಅದೇ ಕೆಲಸ. ಖಾರದ ಜಾಗದಲ್ಲಿ ಸಾಸಿವೆ, ಮೆಣಸು. ಒಗ್ಗರಣೆಯ ಜಾಗದಲ್ಲಿ ಕಿತ್ತಳೆ ಸಿಪ್ಪೆಯ ಪರಿಮಳ.

ಒಂದು ಗೊಂದಲ ಮೊದಲೇ ತೀರಲಿ. ಬೆಂಗಳೂರಿನ ಸ್ಟೇಕ್ ಹೋಟೆಲುಗಳಲ್ಲಿ, ಸಿಜ್ಲರ್ ತಟ್ಟೆಗಳಲ್ಲಿ ಮಾಂಸದ ಮೇಲೆ ಬಿಸಿಬಿಸಿ ಸುರಿದು ಕೊಡುವ ಕಂದು ಬಣ್ಣದ ಪೆಪ್ಪರ್ ಸಾಸ್ ಅಥವಾ ಮಶ್ರೂಮ್ ಸಾಸ್ ಬೇರೆಯೇ. ಅದು ಬೆಣ್ಣೆ, ಮೈದಾ, ಮಾಂಸದ ಸಾರು ಹಾಕಿ ಮಾಡಿದ ಗ್ರೇವಿ. ಇಲ್ಲಿ ಹೇಳುತ್ತಿರುವುದು ತಣ್ಣಗೆ ಬಾಟಲಿಯಲ್ಲಿದ್ದು, ತಟ್ಟೆಯ ಅಂಚಿಗೆ ಒಂದು ಚಮಚ ಬಡಿಸಿಕೊಳ್ಳುವ ಸಾಸ್.

ಸುಮಾರು 350 ಮಿ.ಲೀ. ಸಾಸ್‌ಗೆ ಬೇಕಾದದ್ದು:

ಕಪ್ಪು ಒಣದ್ರಾಕ್ಷಿ 70 ಗ್ರಾಂ, ಬೀಜವಿಲ್ಲದ್ದು
ಹುಣಸೆಹಣ್ಣು 20 ಗ್ರಾಂ, ಬೀಜ ನಾರು ತೆಗೆದು
ಹಣ್ಣಾದ ಟೊಮ್ಯಾಟೊ 200 ಗ್ರಾಂ
ಈರುಳ್ಳಿ 60 ಗ್ರಾಂ, ಬೆಳ್ಳುಳ್ಳಿ 3 ದೊಡ್ಡ ಎಸಳು
ಕಿತ್ತಳೆ 1
ವಿನೆಗರ್ 100 ಮಿ.ಲೀ.
ಕಪ್ಪು ಬೆಲ್ಲ 25 ಗ್ರಾಂ
ವೂಸ್ಟರ್‌ಶೈರ್ ಸಾಸ್ 30 ಮಿ.ಲೀ., ಸೋಯಾ ಸಾಸ್ 15 ಮಿ.ಲೀ.
ಸಾಸಿವೆ ಪುಡಿ 1 ಟೀ ಚಮಚ, ಕಾಳುಮೆಣಸಿನ ಪುಡಿ ಅರ್ಧ ಟೀ ಚಮಚ
ಲವಂಗ 2, ಚಕ್ಕೆ ಅರ್ಧ ಅಂಗುಲ, ಜಾಯಿಕಾಯಿ ಒಂದು ಚಿಟಿಕೆ
ಉಪ್ಪು 8 ಗ್ರಾಂ, ಅಂದರೆ ಒಂದೂವರೆ ಟೀ ಚಮಚದಷ್ಟು
ಎಣ್ಣೆ 2 ಟೀ ಚಮಚ

ಸಾಮಾನು ಆರಿಸುವಾಗಲೇ ಅರ್ಧ ರುಚಿ ತೀರ್ಮಾನವಾಗಿಬಿಡುತ್ತದೆ. ಪಾಯಸಕ್ಕೆ ಹಾಕುವ ಹೊಂಬಣ್ಣದ ದ್ರಾಕ್ಷಿಯನ್ನು ಬಣ್ಣ ಉಳಿಯಲೆಂದು ಗಂಧಕದ ಹೊಗೆಯಲ್ಲಿಟ್ಟು ಒಣಗಿಸಿರುವುದುಂಟು. ಅದು ಸಿಹಿ ಕೊಡುತ್ತದೆ, ಗಾಢತೆ ಕೊಡುವುದಿಲ್ಲ. ಕಪ್ಪು ದ್ರಾಕ್ಷಿಯೇ ಬೇಕು. ಹುಣಸೆಯೂ ಹಾಗೆಯೇ: ಹೊಸ ಹುಣಸೆ ಕೆಂಪಗಿದ್ದು ಚುರುಕು ಹುಳಿ ಕೊಟ್ಟರೆ, ವರ್ಷ ಕಳೆದ ಹಳೆ ಹುಣಸೆ ಕಪ್ಪಗಾಗಿ ಹುಳಿ ಮೃದುವಾಗಿರುತ್ತದೆ. ಇಲ್ಲಿ ಹಳೆಯದು ಮೇಲು. ಕಾರ್ಖಾನೆಯವರು ಬಣ್ಣಕ್ಕೆಂದು ಕ್ಯಾರಮೆಲ್ ಸೇರಿಸಿದರೆ, ನಮಗೆ ಹಳೆ ಹುಣಸೆ ಮತ್ತು ಕಪ್ಪು ಬೆಲ್ಲವೇ ಆ ಬಣ್ಣ ತರುತ್ತವೆ. ಬೆಲ್ಲ ಹಳದಿಯಾಗಿ ಹೊಳೆಯುತ್ತಿದ್ದರೆ ಬೇಡ. ಮಂಡ್ಯದ ಆಲೆಮನೆಗಳಿಂದ ಬರುವ ಕಡುಗಂದು ಅಚ್ಚುಬೆಲ್ಲದಲ್ಲಿ ಕಾಕಂಬಿಯ ಒಗರು ಉಳಿದಿರುತ್ತದೆ. ಬಿಳಿ ಸಕ್ಕರೆಯಲ್ಲಿ ಅದು ಸೊನ್ನೆ. ಸಕ್ಕರೆ ಹಾಕಿದ ಸಾಸ್ ಮತ್ತೆ ಕೆಚಪ್ ಕಡೆಗೇ ವಾಲುತ್ತದೆ.

ವಿನೆಗರ್ ಕೊಳ್ಳುವಾಗ ಚೀಟಿ ಓದಿ. 'ಸಿಂಥೆಟಿಕ್' ಎಂದಿದ್ದರೆ ಅದು ಅಸಿಟಿಕ್ ಆಮ್ಲಕ್ಕೆ ನೀರು ಬೆರೆಸಿದ್ದು; ಹುಳಿ ಇದೆ, ಪರಿಮಳವಿಲ್ಲ. ಮಾಲ್ಟ್ ವಿನೆಗರ್ ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು. ಸಿಗದಿದ್ದರೆ ಸೇಬಿನ ವಿನೆಗರ್ ಆಗುತ್ತದೆ.

ವೂಸ್ಟರ್‌ಶೈರ್ ಸಾಸ್‌ನ ಮೂಲ ಪಾಕದಲ್ಲಿ ಆಂಚೊವಿ ಎಂಬ ಸಣ್ಣ ಮೀನು ಇರುತ್ತದೆ. ಸಸ್ಯಾಹಾರಿಗಳು ಬಾಟಲಿಯ ಮೇಲಿನ ಹಸಿರು ಚುಕ್ಕೆ ನೋಡಿಯೇ ಕೊಳ್ಳಬೇಕು. ಅದು ಬೇಡವೇ ಬೇಡ ಎನ್ನುವವರು ಸೋಯಾ ಸಾಸ್ ಅನ್ನು 30 ಮಿ.ಲೀ.ಗೆ ಏರಿಸಿ, ಉಪ್ಪನ್ನು 5 ಗ್ರಾಂಗೆ ಇಳಿಸಿದರೆ ಸರಿಹೋಗುತ್ತದೆ.

ಪಾತ್ರೆಯ ವಿಷಯದಲ್ಲಿ ರಾಜಿ ಇಲ್ಲ. ಹುಳಿಯಡುಗೆಗೆ ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆ ಬಳಸುವುದಿಲ್ಲವಲ್ಲ, ಇಲ್ಲೂ ಅದೇ ಕಾರಣ. ಅಲ್ಯೂಮಿನಿಯಂ ಮತ್ತು ಕಬ್ಬಿಣದ ಬಾಣಲೆಯೂ ಬೇಡ, ಲೋಹದ ರುಚಿ ಇಳಿಯುತ್ತದೆ. ದಪ್ಪ ತಳದ ಸ್ಟೀಲ್ ಪಾತ್ರೆ ಸಾಕು.

ದ್ರಾಕ್ಷಿಯನ್ನು 150 ಮಿ.ಲೀ. ಬಿಸಿನೀರಿನಲ್ಲಿ ಅರ್ಧ ಗಂಟೆ, ಹುಣಸೆಯನ್ನು 100 ಮಿ.ಲೀ. ಬಿಸಿನೀರಿನಲ್ಲಿ 20 ನಿಮಿಷ ನೆನೆಹಾಕಿ. ಹುಣಸೆಯನ್ನು ಚೆನ್ನಾಗಿ ಕಿವುಚಿ ಸೋಸಿಕೊಳ್ಳಿ. ಕಿತ್ತಳೆಯ ಹೊರಮೈಯ ಬಣ್ಣದ ಪದರವನ್ನಷ್ಟೇ ಸಣ್ಣ ತುರಿಮಣೆಯಲ್ಲಿ ಅರ್ಧ ಟೀ ಚಮಚದಷ್ಟು ತುರಿದು ಮುಚ್ಚಿಡಿ. ಅದರ ಕೆಳಗಿನ ಬಿಳಿ ಪದರ ಕಹಿ. ಕೊಡಗಿನ ಕಿತ್ತಳೆಯಂಥ ಸಡಿಲ ಸಿಪ್ಪೆಯ ಹಣ್ಣನ್ನು ಬಿಡಿಸುವ ಮೊದಲೇ ತುರಿದರೆ ಕೆಲಸ ಸುಲಭ. ನಂತರ 60 ಮಿ.ಲೀ. ರಸ ಹಿಂಡಿ, ಬೀಜ ಒಂದೂ ಉಳಿಯದಂತೆ ಸೋಸಿ. ಬೀಜ ಬಿದ್ದು ಕುದಿದರೆ ಸಾಸ್ ಕಹಿಯಾಗುತ್ತದೆ, ಆಮೇಲೆ ಏನು ಹಾಕಿದರೂ ಆ ಕಹಿ ಹೋಗುವುದಿಲ್ಲ.

ಎಣ್ಣೆ ಕಾಯಿಸಿ ಹೆಚ್ಚಿದ ಈರುಳ್ಳಿಯನ್ನು ಸಣ್ಣ ಉರಿಯಲ್ಲಿ 8ರಿಂದ 10 ನಿಮಿಷ ಬಾಡಿಸಿ. ಹೊಂಬಣ್ಣಕ್ಕೆ ತಿರುಗಿದ ಮೇಲೆ ಬೆಳ್ಳುಳ್ಳಿ ಹಾಕಿ, ಒಂದೇ ನಿಮಿಷ. ಬೆಳ್ಳುಳ್ಳಿ ಸೀದರೆ ಅದೂ ಕಹಿ. ಹೆಚ್ಚಿದ ಟೊಮ್ಯಾಟೊ ಸೇರಿಸಿ ಹಸಿವಾಸನೆ ಹೋಗುವ ತನಕ 6 ನಿಮಿಷ ಬೇಯಿಸಿ. ಇಲ್ಲಿಗೆ ದ್ರಾಕ್ಷಿಯನ್ನು ನೆನೆದ ನೀರಿನ ಸಮೇತ, ಹುಣಸೆರಸ, ಕಿತ್ತಳೆರಸ, ಅರ್ಧ ವಿನೆಗರ್ ಅಂದರೆ 50 ಮಿ.ಲೀ. ಹಾಕಿ. ಲವಂಗ, ಚಕ್ಕೆಗಳನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಇಳಿಬಿಡಿ. ಪುಡಿ ಮಾಡಿ ಹಾಕಿದರೆ ಲವಂಗ ಎಲ್ಲವನ್ನೂ ನುಂಗಿಬಿಡುತ್ತದೆ, ಮೇಲಾಗಿ ನಾಲಿಗೆಗೆ ಮರಳು ಸಿಕ್ಕಂತಾಗುತ್ತದೆ. ಹಿತ್ತಿಲಲ್ಲಿ ಆಲ್‌ಸ್ಪೈಸ್ ಗಿಡ ಇರುವವರು ಒಂದು ಎಲೆಯನ್ನೂ ಗಂಟಿಗೆ ಸೇರಿಸಬಹುದು. ಸೆಲರಿ ಬೀಜದ ಬದಲಿಗೆ ಓಮ ಹಾಕುವ ಯೋಚನೆ ಮಾತ್ರ ಬೇಡ. ನೋಡಲು ಹತ್ತಿರವೆನಿಸಿದರೂ ಓಮದ ಘಾಟು ಬೇರೆಯೇ ಜಾತಿಯದು. ಸೆಲರಿ ದಂಟು ಸಿಕ್ಕರೆ ಒಂದು ಗೇಣಿನಷ್ಟನ್ನು ಈರುಳ್ಳಿಯ ಜೊತೆ ಬಾಡಿಸಿ, ಇಲ್ಲದಿದ್ದರೆ ಬಿಡಿ.

ಮುಚ್ಚಳ ಓರೆ ಮಾಡಿ ಸಣ್ಣ ಉರಿಯಲ್ಲಿ 20 ನಿಮಿಷ ಕುದಿಯಲಿ. ದ್ರಾಕ್ಷಿ ಬೆರಳಲ್ಲಿ ಒತ್ತಿದರೆ ಕರಗುವಂತಿರಬೇಕು. ಗಂಟು ತೆಗೆದು, ಪೂರ್ತಿ ತಣಿದ ಮೇಲೆ ರುಬ್ಬಿ. ಬಿಸಿ ಇರುವಾಗ ಮಿಕ್ಸಿ ಜಾರಿಗೆ ಹಾಕಿದರೆ ಆವಿಯ ಒತ್ತಡಕ್ಕೆ ಮುಚ್ಚಳ ಹಾರಿ ಕೈ ಸುಡುತ್ತದೆ. ರುಬ್ಬಿದ್ದನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಚಮಚದ ಬೆನ್ನಿನಿಂದ ಒತ್ತಿ ಸೋಸಿ. ಇದಕ್ಕೆ ಹತ್ತು ನಿಮಿಷ ಹಿಡಿಯುತ್ತದೆ, ಬೇಸರದ ಕೆಲಸವೂ ಹೌದು. ಆದರೆ ಟೊಮ್ಯಾಟೊ ಬೀಜ, ದ್ರಾಕ್ಷಿ ಸಿಪ್ಪೆ ಉಳಿದರೆ ಅದು ಚಟ್ನಿಯಾಗುತ್ತದೆ, ಸಾಸ್ ಆಗುವುದಿಲ್ಲ.

ಸೋಸಿದ್ದನ್ನು ಮತ್ತೆ ಒಲೆಗಿಟ್ಟು, ಕರಗಿಸಿ ಸೋಸಿದ ಬೆಲ್ಲ, ವೂಸ್ಟರ್‌ಶೈರ್ ಸಾಸ್, ಸೋಯಾ, ಕಾಳುಮೆಣಸಿನ ಪುಡಿ, ಜಾಯಿಕಾಯಿ ಹಾಕಿ 12ರಿಂದ 15 ನಿಮಿಷ ಬತ್ತಿಸಿ. ಬೆಲ್ಲ ಬಿದ್ದ ಮೇಲೆ ಪಾತ್ರೆ ಬಿಟ್ಟು ಕದಲಬೇಡಿ, ಬೇಗ ತಳ ಹಿಡಿಯುತ್ತದೆ. ಉಪ್ಪನ್ನು ಬತ್ತಿದ ಮೇಲೆಯೇ ಹಾಕಬೇಕು. ಮೊದಲೇ ರುಚಿ ನೋಡಿ ಹಾಕಿದ ಉಪ್ಪು, ನೀರು ಬತ್ತುತ್ತ ಬಂದಂತೆ ಏರುತ್ತದೆ.

ಇಷ್ಟು ಬತ್ತಿದರೆ ಸಾಕೆಂದು ತಿಳಿಯುವುದು ಹೇಗೆ? ಫ್ರೀಜರ್‌ನಲ್ಲಿಟ್ಟ ತಟ್ಟೆಗೆ ಅರ್ಧ ಚಮಚ ಬಿಟ್ಟು, ಒಂದು ನಿಮಿಷ ಕಾದು, ನಡುವೆ ಬೆರಳಿನಿಂದ ಗೆರೆ ಎಳೆಯಿರಿ. ಗೆರೆ ಮೆಲ್ಲಗೆ ಕೂಡಿಕೊಂಡರೆ ಹದ ಬಂದಿದೆ. ತಟ್ಟನೆ ಕೂಡಿದರೆ ಇನ್ನೂ ನೀರಿದೆ, ಕೂಡದೇ ನಿಂತರೆ ಹೆಚ್ಚಾಯಿತು. ಒಲೆಯ ಮೇಲೆ ನೋಡಲು ತೆಳುವಾಗಿರುವಾಗಲೇ ಇಳಿಸಬೇಕು, ಏಕೆಂದರೆ ಹಣ್ಣುಗಳಲ್ಲಿರುವ ಪೆಕ್ಟಿನ್ ಎಂಬ ಅಂಟು ಮತ್ತು ಹುಣಸೆಯ ಲೋಳೆಯಂಶ ತಣಿದ ಮೇಲೆ ಬಿಗಿಯುತ್ತವೆ. ಮರುದಿನ ಜಾಮ್‌ನಂತಾಗಿದ್ದರೆ ಎರಡು ಚಮಚ ಬಿಸಿನೀರಿಗೆ ಒಂದು ಚಮಚ ವಿನೆಗರ್ ಬೆರೆಸಿ ಸಡಿಲಿಸಿ. ಬರೀ ನೀರು ಹಾಕಿದರೆ ರುಚಿ ಸಪ್ಪೆಯಾಗುತ್ತದೆ.

ಕೊನೆಯ ಎರಡು ನಿಮಿಷಗಳೇ ಬಾಟಲಿಯ ಸಾಸ್‌ನ ಆ ಚುರುಕನ್ನು ತರುವುದು. ಹುಣಸೆಯ ಟಾರ್ಟಾರಿಕ್ ಆಮ್ಲ ಎಷ್ಟು ಕುದಿಸಿದರೂ ಆವಿಯಾಗದೆ ತಳದಲ್ಲೇ ಉಳಿಯುತ್ತದೆ. ವಿನೆಗರ್‌ನ ಅಸಿಟಿಕ್ ಆಮ್ಲ ಹಾಗಲ್ಲ, ಒಂದಿಷ್ಟು ಹಬೆಯ ಜೊತೆ ಹೋಗುತ್ತದೆ, ಮೂಗಿಗೆ ಏರುವ ಗುಣ ಮಂಕಾಗುತ್ತದೆ. ಮೊದಲ ಅರ್ಧ ಮೈಗೂಡಲಿಕ್ಕೆ, ಉಳಿದ 50 ಮಿ.ಲೀ. ಚುರುಕಿಗೆ. ಅದನ್ನು ಈಗ ಹಾಕಿ. ಸಾಸಿವೆಯದೂ ಇದೇ ಕಥೆ. ಸಾಸಿವೆ ಪುಡಿಯ ಘಾಟು ಹುಟ್ಟುವುದು ತಣ್ಣೀರು ಸೋಕಿದಾಗ, ಅದರೊಳಗಿನ ಕಿಣ್ವ ಎಚ್ಚೆತ್ತ ಮೇಲೆ. ಒಣಪುಡಿಯನ್ನು ನೇರ ಕುದಿಯುವ ಹುಳಿಗೆ ಸುರಿದರೆ ಕಿಣ್ವ ಅಲ್ಲೇ ಸತ್ತು ಕಹಿ ಮಾತ್ರ ಉಳಿಯುತ್ತದೆ. ಆದ್ದರಿಂದ ಪುಡಿಯನ್ನು ಎರಡು ಟೀ ಚಮಚ ತಣ್ಣೀರಿನಲ್ಲಿ ಕಲಸಿ 10 ನಿಮಿಷ ಬಿಟ್ಟು, ಒಲೆ ಆರಿಸಿದ ಮೇಲೆ ಕಿತ್ತಳೆ ತುರಿಯ ಜೊತೆ ಬೆರೆಸಿ.

ಬಿಸಿಯಲ್ಲೇ ರುಚಿ ನೋಡಿ ತೀರ್ಪು ಕೊಡಬೇಡಿ. ಆ ಹೊತ್ತಿಗೆ ಅದು ಅತಿ ಹುಳಿ, ಅತಿ ಉಪ್ಪು ಅನ್ನಿಸಿಯೇ ತೀರುತ್ತದೆ, ಅನ್ನಿಸಬೇಕು ಕೂಡ. ಬರೀ ನಾಲಿಗೆಗೆ ಹಿತವಾಗಿರುವ ಸಾಸ್ ಮಾಂಸದ ಕೊಬ್ಬಿನ ಎದುರು ಸೋಲುತ್ತದೆ. ಪುಳಿಯೋಗರೆ ಗೊಜ್ಜು ಮಾಡಿದ ದಿನಕ್ಕಿಂತ ಮರುದಿನ ರುಚಿ. ಇದಕ್ಕೆ ಒಂದು ರಾತ್ರಿ ಸಾಲದು, ಮೂರು ದಿನ ಬೇಕು. ಅಷ್ಟರಲ್ಲಿ ವಿನೆಗರ್‌ನ ಒರಟು ಇಳಿದು ದ್ರಾಕ್ಷಿ ಮುಂದೆ ಬರುತ್ತದೆ. ಆಮೇಲೂ ಹುಳಿ ಕಣ್ಣು ಮುಚ್ಚಿಸುವಂತಿದ್ದರೆ ಬೆಲ್ಲ ಸೇರಿಸಬೇಡಿ, ನೆನೆಸಿ ರುಬ್ಬಿದ ಒಂದು ಚಮಚ ದ್ರಾಕ್ಷಿ ಸೇರಿಸಿ ಒಮ್ಮೆ ಕುದಿಸಿ. ಸಿಹಿ ಹೆಚ್ಚೆನಿಸಿದರೆ ಉಪ್ಪು ಮತ್ತು ಮೆಣಸು, ಹುಳಿಯಲ್ಲ.

ಗಾಜಿನ ಬಾಟಲಿಯನ್ನು 10 ನಿಮಿಷ ಕುದಿಸಿ ಒಣಗಿಸಿ, ಸಾಸ್ ತುಂಬಿ ಫ್ರಿಜ್‌ನಲ್ಲಿಡಿ. ಹುಳಿ, ಉಪ್ಪು ಎರಡೂ ಇರುವುದರಿಂದ ಒಂದು ತಿಂಗಳು ಚಿಂತೆಯಿಲ್ಲ. ಹೊರಗಡೆ ಇಡಬೇಡಿ: ಕಾರ್ಖಾನೆಯಲ್ಲಿ ಆಮ್ಲತೆಯನ್ನು ಅಳೆದು ತುಂಬುತ್ತಾರೆ, ಮನೆಯಲ್ಲಿ ಅದು ಪ್ರತಿ ಸಲವೂ ಬೇರೆ. ಮೇಲೆ ಬೂಸಲು ಕಂಡರೆ ಆ ಭಾಗವನ್ನಷ್ಟೇ ತೆಗೆದು ಉಳಿದದ್ದನ್ನು ಬಳಸುವುದೂ ಸಲ್ಲದು, ಇಡೀ ಬಾಟಲಿ ಚೆಲ್ಲಬೇಕು.

ಬಾಣಲೆಯಲ್ಲಿ ಮಾಂಸ ಬೇಯುವಾಗ ಮೊದಲೇ ಸವರಿದರೆ ಇದರ ಸಿಹಿಯಂಶ ಸೀದು ಕಪ್ಪಾಗುತ್ತದೆ. ಕೊನೆಯ ಒಂದು ನಿಮಿಷದಲ್ಲಿ ಸವರಿ, ಇಲ್ಲವೇ ತಟ್ಟೆಯಲ್ಲಿ ಬಡಿಸಿ. ನೆನೆಸಲು ಬಳಸುವುದಾದರೆ ತೆಳು ಹೋಳುಗಳಿಗೆ ಅರ್ಧ ಗಂಟೆ ಸಾಕು. ರಾತ್ರಿಯಿಡೀ ಬಿಟ್ಟರೆ ಹುಳಿಗೆ ಮಾಂಸದ ಹೊರಮೈ ಮೆತ್ತಗೆ ಹಿಟ್ಟಿನಂತಾಗುತ್ತದೆ. ಮಾಂಸ ತಿನ್ನದವರ ಮನೆಯಲ್ಲೂ ಇದಕ್ಕೆ ಕೆಲಸವಿದೆ: ಬೆಣ್ಣೆಯಲ್ಲಿ ಹುರಿದ ದೊಡ್ಡ ಅಣಬೆ, ಕೆಂಡದ ಮೇಲೆ ಸುಟ್ಟ ಪನೀರ್, ಸಿಪ್ಪೆ ಸಮೇತ ಬೇಯಿಸಿ ಜಜ್ಜಿದ ಆಲೂಗಡ್ಡೆ. ಬಾಟಲಿಯ ತಳಕ್ಕೆ ಅಂಟಿದ ಕೊನೆಯ ಎರಡು ಚಮಚಕ್ಕೆ ಸ್ವಲ್ಪ ಬಿಸಿನೀರು ಹಾಕಿ ಕುಲುಕಿ, ಈರುಳ್ಳಿ ಹುರಿದ ಬಾಣಲೆಗೆ ಸುರಿದರೆ ಆಮ್ಲೆಟ್‌ಗೆ ಒಳ್ಳೆಯ ಜೊತೆ.