ಎಣ್ಣಿ ಹೊಡೀತಿದ್ದೆ ರೀ

ಮಾನ್ವಿ ಕಡೆಯ ರೈತರೊಬ್ಬರು ಹೋದ ವರ್ಷ ನನ್ನ ಓಪಿಡಿಗೆ ಬಂದಿದ್ದರು. ಬಲಗೈ ನಡುಗುತ್ತಿತ್ತು. ಹೆಜ್ಜೆ ಸಣ್ಣದಾಗಿತ್ತು. ಅಂಗಿ ಗುಂಡಿ ಹಾಕಿಕೊಳ್ಳೋಕೆ ಹತ್ತು ನಿಮಿಷ ಬೇಕು ಎಂದು ಅವರ ಹೆಂಡತಿ ಹೇಳಿದರು. ಪಾರ್ಕಿನ್ಸನ್ ಎಂದು ಗುರುತಿಸುವುದು ಕಷ್ಟವಿರಲಿಲ್ಲ. ಕಂಪ್ಯೂಟರ್‌ನಲ್ಲಿ ಹಳೆಯ ದಾಖಲೆ ತೆಗೆದೆ. ಹಿಂದೊಮ್ಮೆ ಬೇರೆ ಯಾವುದೋ ತೊಂದರೆಗೆ ಬಂದಾಗ ತುಂಬಿದ್ದು. ‘ಮದ್ಯಪಾನ: ಹೌದು. ಅವಧಿ: 20 ವರ್ಷ.’

“ಕುಡಿಯೋದು ಈಗಲೂ ಐತೇನ್ರಿ?” ಎಂದು ಕೇಳಿದೆ.

ಹೆಂಡತಿ ಸಿಟ್ಟಾದರು. “ಏನ್ ಮಾತಾಡ್ತೀರಿ ಸಾಹೇಬ್ರ? ಕೊರಳಾಗ ಪಂಢರಪುರದ ಮಾಲಿ ಕಾಣಂಗಿಲ್ಲೇನ್ರಿ?”

ರೈತರು ಸ್ವಲ್ಪ ಹೊತ್ತು ಯೋಚಿಸಿ ನಿಧಾನಕ್ಕೆ ಹೇಳಿದರು. “ಅವತ್ತು ಸಣ್ಣ ಡಾಕ್ಟ್ರು ಮೊದ್ಲು ಏನಾದ್ರೂ ಅಭ್ಯಾಸ ಇತ್ತೇನು ಅಂತ ಕೇಳಿದ್ರು. ಇಪ್ಪತ್ತು ವರ್ಷ ಎಣ್ಣಿ ಹೊಡೀತಿದ್ದೆ ರೀ, ಈಗ ಮಗ ಹೊಡೀತಾನ ಅಂದೆ.”

ನಮ್ಮ ರಾಯಚೂರು ಸೀಮೆಯಲ್ಲಿ ಎಣ್ಣಿ ಅಂದರೆ ಬೆಳೆಗೆ ಹೊಡೆಯೋ ಕೀಟನಾಶಕ. ಬೆಂಗಳೂರು ಕಡೆಯ ಹುಡುಗರ ಬಾಯಲ್ಲಿ ಎಣ್ಣೆ ಹೊಡೆಯೋದು ಅಂದರೆ ಕುಡಿಯೋದು. ಆ ಕಿರಿಯ ಡಾಕ್ಟರ್ ಆ ಕಡೆಯವರು. ಕೇಳಿದ್ದೂ ಕನ್ನಡ, ಹೇಳಿದ್ದೂ ಕನ್ನಡ. ಅಪ್ಪನ ಕುಡಿತ ಮಗನಿಗೂ ಬಂತಲ್ಲ ಎಂದು ಅವರು ಮರುಗಿರಲಿಕ್ಕೂ ಸಾಕು.

ಇದರಿಂದ ಆ ರೈತರ ಚಿಕಿತ್ಸೆಯೇನೂ ಬದಲಾಗಲಿಲ್ಲ. ಮಾತ್ರೆ ಅದೇ, ವ್ಯಾಯಾಮ ಅದೇ. ಆದರೆ ನನಗೆ ಅವತ್ತು ಊಟ ರುಚಿಸಲಿಲ್ಲ. ಯಾಕೆ ಅಂತ ಹೇಳ್ತೀನಿ.

ಮೆದುಳಿನ ದೊಡ್ಡ ಕಾಯಿಲೆಗಳು ಒಂದು ದಿನದಲ್ಲಿ ಶುರುವಾಗುವುದಿಲ್ಲ. ಆಲ್‌ಝೈಮರ್‌ನಲ್ಲಿ ಮರೆವು ಕಾಣುವ ಹದಿನೈದು ಇಪ್ಪತ್ತು ವರ್ಷ ಮೊದಲೇ ಮೆದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಸೇರಿಕೊಳ್ಳಲು ಶುರುವಾಗಿರುತ್ತದೆ. ಪಾರ್ಕಿನ್ಸನ್ ಕೂಡ ಹಾಗೆಯೇ, ಕೈ ನಡುಗುವ ಎಷ್ಟೋ ವರ್ಷ ಮೊದಲೇ ಒಳಗೆ ಕೆಲಸ ನಡೆಸಿರುತ್ತದೆ. ಈಗ ಎಪ್ಪತ್ತರ ಅಜ್ಜನನ್ನು ಕೂರಿಸಿಕೊಂಡು, ನಲವತ್ತೈದನೇ ವಯಸ್ಸಿನಲ್ಲಿ ನಿಮಗೆ ಬಿಪಿ ಎಷ್ಟಿತ್ತು ಎಂದು ಕೇಳಿದರೆ ಏನು ಉಪಯೋಗ? ಮರೆವಿನ ಕಾಯಿಲೆ ಇರುವವರನ್ನು ಹಳೆಯದನ್ನು ನೆನಪಿಸಿಕೊಳ್ಳಿ ಅನ್ನೋದೇ ತಮಾಷೆ. ಅದಕ್ಕೇ ಆ ಕಾಲದಲ್ಲಿ ಯಾರೋ ಬರೆದಿಟ್ಟದ್ದು ಬೇಕು. ಲಕ್ಷಾಂತರ ಜನರ ಆಸ್ಪತ್ರೆ ದಾಖಲೆ ಕಂಪ್ಯೂಟರ್‌ನಲ್ಲಿದ್ದರೆ, ಇವತ್ತು ಕಾಯಿಲೆ ಬಂದವರ ಇಪ್ಪತ್ತು ವರ್ಷದ ಹಿಂದಿನ ಪುಟಕ್ಕೆ ಹೋಗಿ ನೋಡಬಹುದು.

ಇದರಿಂದ ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ವೇಲ್ಸ್ ದೇಶದ್ದು. ಅಲ್ಲಿ 2013ರ ಸೆಪ್ಟೆಂಬರ್ 1ರಿಂದ ವಯಸ್ಸಾದವರಿಗೆ ಸರ್ಪಸುತ್ತಿನ ಲಸಿಕೆ ಕೊಡಲು ಶುರು ಮಾಡಿದರು. ಅಷ್ಟರಲ್ಲಿ 80 ತುಂಬಿದವರಿಗೆ ಇಲ್ಲ ಎಂದರು. ಅಂದರೆ 1933ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಲಸಿಕೆ ಸಿಗುತ್ತದೆ. ಅದಕ್ಕೆ ಒಂದು ವಾರ ಮೊದಲು ಹುಟ್ಟಿದ್ದರೆ ಇಲ್ಲ, ಜೀವಮಾನವಿಡೀ ಇಲ್ಲ. ಈ ಎರಡು ಗುಂಪಿನ ನಡುವೆ ಬೇರೆ ಏನು ವ್ಯತ್ಯಾಸ ಇರಲು ಸಾಧ್ಯ? ಅದೇ ಊಟ, ಅದೇ ಚಳಿ, ಅದೇ ಡಾಕ್ಟರು. ಒಂದು ವಾರ ಮೊದಲು ಹುಟ್ಟಿದ್ದಷ್ಟೇ ತಪ್ಪು. ಸಂಶೋಧಕರು 2,80,000ಕ್ಕೂ ಜಾಸ್ತಿ ಜನರ ದಾಖಲೆ ತೆಗೆದು ಏಳು ವರ್ಷ ಹಿಂಬಾಲಿಸಿ ನೋಡಿದರು. ಲಸಿಕೆ ಪಡೆದವರಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಸುಮಾರು ಐದನೇ ಒಂದರಷ್ಟು ಕಡಿಮೆ ಇತ್ತು. 2025ರ ಏಪ್ರಿಲ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಬಂತು.

ಇದನ್ನು ಓದಿ ನಾಳೆಯೇ ಲಸಿಕೆ ಅಂಗಡಿ ಹುಡುಕಿಕೊಂಡು ಹೋಗಬೇಡಿ. ಅವತ್ತಿನ ಲಸಿಕೆ ಬೇರೆ, ಈಗ ಸಿಗುವುದು ಬೇರೆ. ನಾನು ಇಲ್ಲಿ ಹೇಳಲು ಹೊರಟಿದ್ದು ಲಸಿಕೆಯ ಬಗ್ಗೆ ಅಲ್ಲ, ಹುಟ್ಟಿದ ತಾರೀಖಿನ ಬಗ್ಗೆ.

ಇದೇ ಅಧ್ಯಯನವನ್ನು ರಾಯಚೂರಿನಲ್ಲಿ ಮಾಡಿ ನೋಡೋಣ. ನನ್ನ ಓಪಿಡಿ ಪಟ್ಟಿಯಲ್ಲಿ ಅರ್ಧ ಊರು ಜನವರಿ 1ರಂದು ಹುಟ್ಟಿದೆ. ಇನ್ನು ಕೆಲವರು ಜೂನ್ 1ರಂದು. ಮೊದಲನೆಯದು ವರ್ಷ ಮಾತ್ರ ಗೊತ್ತಿದ್ದವರಿಗೆ ಆಧಾರ್ ಕೊಟ್ಟ ತಾರೀಖು. ಎರಡನೆಯದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಕೊಟ್ಟ ತಾರೀಖು. ವಯಸ್ಸು ಕೇಳಿದರೆ ಐವತ್ತು, ಅರವತ್ತು, ಎಪ್ಪತ್ತು. ಐವತ್ತೇಳು ಅನ್ನುವ ಅಜ್ಜಿ ಸಿಕ್ಕರೆ ನನಗೆ ಖುಷಿಯಾಗುತ್ತದೆ. ವಾರದ ಲೆಕ್ಕದಲ್ಲಿ ಜನರನ್ನು ಬೇರ್ಪಡಿಸೋದು ಹಾಗಿರಲಿ, ಐದು ವರ್ಷದ ಲೆಕ್ಕದಲ್ಲೂ ಕಷ್ಟ. ಇನ್ನು ಸರ್ಪಸುತ್ತಿನ ಮಾತೇ ಬೇಡ. ಅದಕ್ಕೆ ನಮ್ಮಲ್ಲಿ ಮೊದಲು ಕೆಮ್ಮಣ್ಣು ಹಚ್ಚುತ್ತಾರೆ. ವಾಸಿಯಾದರೆ ಆಸ್ಪತ್ರೆಗೆ ಯಾರು ಬರುತ್ತಾರೆ? ಬಾರದಿದ್ದರೆ ದಾಖಲೆಯಲ್ಲಿ ಆ ಕಾಯಿಲೆಯೇ ಇಲ್ಲ.

ಡಿಮೆನ್ಷಿಯಾ ಕಥೆಯೂ ಇದೇ. ‘ಅರವತ್ತಕ್ಕೆ ಅರಳುಮರಳು’ ಅಂತ ಗಾದೆಯೇ ಇರುವ ನಾಡು ನಮ್ಮದು. ಅತ್ತೆ ಒಲೆ ಮೇಲೆ ಹಾಲಿಟ್ಟು ಮರೆತರೆ, ಹೊಲದ ದಾರಿ ತಪ್ಪಿದರೆ, ಮಗನನ್ನು ಅಣ್ಣಾ ಎಂದು ಕರೆದರೆ “ವಯಸ್ಸಾತಲ್ರಿ” ಎಂದು ಬಿಡುತ್ತಾರೆ. ನಮ್ಮ ಹತ್ತಿರ ಬರುವುದು ರಾತ್ರಿ ಹೊತ್ತು ಎದ್ದು ಬೀದಿಗೆ ಹೋದಾಗ ಮಾತ್ರ. 2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಆಸ್ಪತ್ರೆ ದಾಖಲೆ ಎಣಿಸಿ ಸಿಕ್ಕ ಲೆಕ್ಕ ಇದಲ್ಲ. ವಯಸ್ಸಾದವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ನೆನಪಿನ ಪರೀಕ್ಷೆ ಮಾಡಿ, ಮನೆಯವರನ್ನೂ ಕೇಳಿ ತೆಗೆದದ್ದು. ನಮ್ಮ ಕಂಪ್ಯೂಟರ್‌ನಲ್ಲಿ ಹುಡುಕಿದರೆ ರಾಯಚೂರಿನ ಹಿರಿಯರ ನೆನಪು ಬಹಳ ಚುರುಕು ಅನಿಸೀತು.

ಡೆನ್ಮಾರ್ಕ್‌ನಲ್ಲಿ 1968ರಿಂದ ಪ್ರತಿಯೊಬ್ಬರಿಗೂ ಒಂದು ನಂಬರ್ ಇದೆ. ಆಸ್ಪತ್ರೆ ಸೇರಿದವರ ರಾಷ್ಟ್ರೀಯ ದಾಖಲೆ 1977ರಿಂದ ಇದೆ. ನಮ್ಮಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಕ್ಕೆಲ್ಲ ಶುರುವಾದದ್ದು 2021ರ ಸೆಪ್ಟೆಂಬರ್‌ನಲ್ಲಿ. ಒಬ್ಬರ ಆರೋಗ್ಯ ದಾಖಲೆಗಳನ್ನೆಲ್ಲ ಜೋಡಿಸಲು ಅದರಲ್ಲಿ ಕೊಡುವ ಹದಿನಾಲ್ಕು ಅಂಕಿಯ ಆಭಾ ನಂಬರ್ ಈಗ ತುಂಬಾ ಜನರ ಹತ್ತಿರ ಇದೆ. ನನಗೆ ಅದರ ಮೇಲೆ ನಿಜವಾಗಿಯೂ ಆಸೆ ಇದೆ. ಯಾಕಂದ್ರೆ ಹುಲಿಗೆಮ್ಮ ಅನ್ನೋ ಒಂದು ಹೆಸರನ್ನು ಇಂಗ್ಲಿಷ್‌ನಲ್ಲಿ ನಾಲ್ಕು ಥರ ಬರೆದು, ಒಬ್ಬ ಅಜ್ಜಿಯನ್ನು ನಾಲ್ಕು ರೋಗಿಗಳನ್ನಾಗಿ ಮಾಡಿದ್ದನ್ನು ನೋಡಿದ್ದೇನೆ. ಮೊದಲನೇ ಹುಲಿಗೆಮ್ಮನಿಗೆ ಶುಗರ್, ಎರಡನೆಯವಳಿಗೆ ಬಿಪಿ, ಮೂರನೆಯವಳಿಗೆ ಲಕ್ವಾ. ನಾಲ್ಕನೆಯವಳು ಆರೋಗ್ಯವಾಗಿದ್ದಾಳೆ. ಇದರಲ್ಲಿ ಬಿಪಿಗೂ ಲಕ್ವಾಕ್ಕೂ ಇರುವ ಸಂಬಂಧವನ್ನು ಯಾರು ಹುಡುಕುತ್ತಾರೆ?

ಆದರೆ ನಂಬರ್ ಒಂದಾದ ಕೂಡಲೇ ಕೆಲಸ ಮುಗಿಯೋದಿಲ್ಲ. ನಮ್ಮ ಜನ ಗುಳೆ ಹೋಗುತ್ತಾರೆ. ದೇವದುರ್ಗ, ಲಿಂಗಸುಗೂರು ಕಡೆಯ ಎಷ್ಟೋ ಸಂಸಾರ ವರ್ಷದಲ್ಲಿ ಆರು ತಿಂಗಳು ಬೆಂಗಳೂರಿನ ಕಟ್ಟಡದ ಕೆಲಸದಲ್ಲಿರುತ್ತದೆ. ಅಲ್ಲಿ ಫಿಟ್ಸ್ ಬಂದರೆ ಅಲ್ಲೇ ಯಾವುದೋ ಕ್ಲಿನಿಕ್, ಅಲ್ಲೇ ಒಂದು ಚೀಟಿ. ನಮ್ಮ ಕಂಪ್ಯೂಟರ್‌ಗೆ ಗೊತ್ತಾಗೋದು ಇವರು ಆರು ತಿಂಗಳಿಂದ ಬಂದಿಲ್ಲ ಅಂತ ಮಾತ್ರ. ಬಂದಿಲ್ಲ ಅಂದರೆ ಚೆನ್ನಾಗಿದ್ದಾರೆ ಅಂತ ಲೆಕ್ಕ ಹಾಕಿದರೆ ಮುಗಿಯಿತು ಕಥೆ.

ಬೇಕಂತಲೇ ಬರೆಸದೇ ಇರುವುದೂ ಉಂಟು. “ಮಗಳ ಲಗ್ನ ಐತ್ರಿ, ಫಿಟ್ಸ್ ಅಂತ ಬರೀಬ್ಯಾಡ್ರಿ, ಚಕ್ಕರ್ ಅಂತ ಬರೀರಿ” ಎಂದು ಕೈಮುಗಿದ ತಾಯಂದಿರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮೂರ್ಛೆರೋಗವನ್ನು ಮದುವೆ ಕಾನೂನಿನಿಂದ ತೆಗೆದು ಹಾಕಿದ್ದು 1999ರಲ್ಲಿ. ಅಲ್ಲಿಂದ ಈಚೆಗೆ ಕಾಯಿಲೆ ಇದೆ ಅನ್ನೋ ಕಾರಣಕ್ಕೆ ಮದುವೆ ಅನೂರ್ಜಿತ ಆಗುವುದಿಲ್ಲ. ಕಾನೂನು ಬದಲಾಯಿತು, ತಾಯಿಯ ಭಯ ಬದಲಾಗಿಲ್ಲ. ನಾನು ಚಕ್ಕರ್, ಅಂದರೆ ಬರೀ ತಲೆಸುತ್ತು, ಎಂದು ಬರೆಯುವುದಿಲ್ಲ. ಆದರೆ ಅವರು ಕೇಳಿದ್ದರಲ್ಲಿ ತಪ್ಪು ಅಂತಲೂ ನನಗೆ ಅನಿಸುವುದಿಲ್ಲ. ಈ ಮಾಹಿತಿಯನ್ನು ಯಾರು ನೋಡುತ್ತಾರೆ, ಹೆಸರು ತೆಗೆದು ಕೊಡುತ್ತೀರಾ, ಬೇಡ ಅಂದರೆ ಬಿಡುತ್ತೀರಾ ಅನ್ನೋದನ್ನು ರೋಗಿಗೆ ಅವರ ಮಾತಲ್ಲೇ ಹೇಳಬೇಕು. ಇಂಗ್ಲಿಷ್ ಫಾರಂ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಒಪ್ಪಿಗೆ ಸಿಕ್ಕಿತು ಅನ್ನೋದು ನಾಟಕ.

ದಾಖಲೆ ಸರಿಯಾಗಿದ್ದರೂ ಓದುವವರು ಎಡವಬಹುದು. ಬ್ರಿಟನ್ನಿನ ಊರ ಡಾಕ್ಟರುಗಳ ದಾಖಲೆಗಳಿಂದ 2015ರಲ್ಲಿ ಒಂದು ಅಧ್ಯಯನ ಬಂದಿತ್ತು. ಪಾರ್ಕಿನ್ಸನ್ ಬಂದ ಎಂಟು ಸಾವಿರಕ್ಕೂ ಹೆಚ್ಚು ಜನರ ಹಳೆಯ ಪುಟಗಳನ್ನು ತಿರುವಿದರು. ಕಾಯಿಲೆ ಗೊತ್ತಾಗುವ ಹತ್ತು ವರ್ಷ ಮೊದಲೇ ಅವರಲ್ಲಿ ಮಲಬದ್ಧತೆ ಬೇರೆಯವರಿಗಿಂತ ಜಾಸ್ತಿ ಇತ್ತು. ಈಗ ನಮ್ಮ ಕಡೆಯ ಒಬ್ಬ ಅಜ್ಜ ಹತ್ತು ವರ್ಷದಿಂದ ಮಲಗುವ ಮುಂಚೆ ಹರಳೆಣ್ಣೆ ಕುಡಿಯುತ್ತಿದ್ದಾನೆ ಎಂದಿಟ್ಟುಕೊಳ್ಳಿ. ಆಮೇಲೆ ಪಾರ್ಕಿನ್ಸನ್ ಬಂತು. ದಾಖಲೆಯನ್ನು ಮಾತ್ರ ನೋಡಿದವನು ಹರಳೆಣ್ಣೆಯಿಂದಲೇ ಕಾಯಿಲೆ ಬಂತು ಅನ್ನುತ್ತಾನೆ. ನಿಜಕ್ಕೂ ಆಗಿದ್ದು ಉಲ್ಟಾ. ಕಾಯಿಲೆ ಕರುಳಿನ ನರಗಳಲ್ಲಿ ಆಗಲೇ ಇತ್ತು, ಅದರಿಂದ ಮಲಬದ್ಧತೆ, ಅದಕ್ಕಾಗಿ ಹರಳೆಣ್ಣೆ. ನಾಲ್ಕು ಸಾಲಿನ ಸುದ್ದಿಯಲ್ಲಿ ಇಂಥವು ವಾರಕ್ಕೊಂದು ವಾಟ್ಸಾಪ್‌ನಲ್ಲಿ ಬರುತ್ತವೆ, ನೋಡಿರ್ತೀರಿ ಅಲ್ವಾ?

ಮತ್ತೆ ಆ ಇನ್ನೊಂದು ಎಣ್ಣೆಗೆ ಬರೋಣ. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೂ ಪಾರ್ಕಿನ್ಸನ್‌ಗೂ ನಂಟಿದೆ ಎಂಬ ಅನುಮಾನ ಹಳೆಯದು. ಅಮೆರಿಕದಲ್ಲಿ ಅಯೋವಾ ಮತ್ತು ಉತ್ತರ ಕೆರೊಲಿನಾದ ರೈತರನ್ನು 1993ರಿಂದ ಹಿಂಬಾಲಿಸುತ್ತಿದ್ದಾರೆ. ಆ ಗುಂಪಿನಿಂದ 2011ರಲ್ಲಿ ಬಂದ ಅಧ್ಯಯನದಲ್ಲಿ, ಪ್ಯಾರಾಕ್ವಾಟ್ ಅಥವಾ ರೊಟೆನೋನ್ ಎಂಬ ಕೀಟನಾಶಕ ಬಳಸಿದವರಲ್ಲಿ ಪಾರ್ಕಿನ್ಸನ್ ಸಾಧ್ಯತೆ ಸುಮಾರು ಎರಡೂವರೆ ಪಟ್ಟು ಕಂಡಿತು. ಅದೇ ಕಾರಣ ಅಂತ ಇಷ್ಟರಿಂದಲೇ ಹೇಳಲಾಗುವುದಿಲ್ಲ. ಆದರೆ ಇದು ಅವರಿಗೆ ಸಿಕ್ಕಿದ್ದು ಹೇಗೆ ಗೊತ್ತಾ? ಯಾವ ಔಷಧ ಹೊಡೆದಿರಿ, ಎಷ್ಟು ವರ್ಷ, ಕೈಗವಸು ಇತ್ತೇ ಎಂದು ರೈತರನ್ನೇ ಕೇಳಿದರು. ಆಸ್ಪತ್ರೆ ದಾಖಲೆಯಲ್ಲಿ ಅದು ಇರಲಿಲ್ಲ. ನಮ್ಮಲ್ಲೂ ಇಲ್ಲ. ನಮ್ಮ ಸಾಫ್ಟ್‌ವೇರ್‌ನಲ್ಲಿ ಬೀಡಿಗೆ ಒಂದು ಚೌಕ, ಗುಟ್ಕಾಕ್ಕೆ ಒಂದು ಚೌಕ, ಮದ್ಯಕ್ಕೆ ಒಂದು ಚೌಕ. ಹತ್ತಿ, ಮೆಣಸಿನಕಾಯಿ, ಭತ್ತ ಬೆಳೆಯುವ ಜಿಲ್ಲೆಯಲ್ಲಿ ಎಣ್ಣಿಗೆ ಚೌಕವಿಲ್ಲ. ಉದ್ಯೋಗ ಅನ್ನುವ ಕಡೆ ‘ಒಕ್ಕಲುತನ’ ಎಂದು ಬರೆದರೆ ಆಯಿತು. ಬೆನ್ನಿಗೆ ಪಂಪ್ ಕಟ್ಟಿಕೊಂಡು ಇಪ್ಪತ್ತು ವರ್ಷ ಹೊಲದಲ್ಲಿ ನಡೆದವನೂ ಒಕ್ಕಲಿಗ, ಕಟ್ಟೆ ಮೇಲೆ ಕೂತು ಲೆಕ್ಕ ಬರೆದ ಸಾಹುಕಾರನೂ ಒಕ್ಕಲಿಗ.

ಹಾಗಾಗಿ ನಾನು ಈಗ ಪ್ರತಿ ರೈತರನ್ನೂ ಕೇಳುತ್ತೇನೆ. ಹುಳಕ್ಕೆ ಹೊಡೆದಿರೋ, ಕಸಕ್ಕೆ ಹೊಡೆದಿರೋ? ಸ್ವಂತ ಹೊಲಕ್ಕೋ, ಕೂಲಿಗೋ? ಕೂಲಿಗೆ ಹೊಡೆಯುವವರು ವರ್ಷಕ್ಕೆ ಹೊಡೆಯುವ ದಿನಗಳು ಬಹಳ ಜಾಸ್ತಿ. ಹೆಸರು ನೆನಪಿಲ್ಲದಿದ್ದರೆ ಮನೆಯ ಹಿಂದೆ ಬಿದ್ದಿರುವ ಖಾಲಿ ಬಾಟಲಿಯ ಚೀಟಿಯನ್ನು ಫೋನಿನಲ್ಲಿ ಫೋಟೋ ತೆಗೆದು ತನ್ನಿ ಅನ್ನುತ್ತೇನೆ. ಇಷ್ಟಕ್ಕೆ ಎರಡು ನಿಮಿಷ ಹೆಚ್ಚಿಗೆ ಬೇಕು. ಹೊರಗೆ ನೂರು ಜನ ಕಾಯುತ್ತಿರುವಾಗ ಎರಡು ನಿಮಿಷ ಸಣ್ಣದಲ್ಲ. ಕಿರಿಯರು ಬೇಸರ ಮಾಡಿಕೊಳ್ಳುವುದೂ ಗೊತ್ತು.

ಮಾನ್ವಿಯ ಆ ರೈತರು ಮೂರು ತಿಂಗಳ ಮೇಲೆ ಮತ್ತೆ ಬಂದರು. ನಡುಕ ಸ್ವಲ್ಪ ಕಡಿಮೆಯಾಗಿತ್ತು. ಗುಂಡಿ ತಾವೇ ಹಾಕಿಕೊಂಡಿದ್ದರು. ಹೆಂಡತಿ ಕುರ್ಚಿಯಿಂದ ಮುಂದೆ ಬಾಗಿ ಕಂಪ್ಯೂಟರ್ ಪರದೆ ನೋಡಿದರು.

“ಕುಡೀತಾರ ಅಂತ ಇದ್ದದ್ದು ತಗದ್ರೇನ್ರಿ?”

ತೆಗೆಯಲು ಆಗುವುದಿಲ್ಲ ಎಂದು ಹೇಳಬೇಕಾಯಿತು. ಒಮ್ಮೆ ಉಳಿಸಿದ ಪುಟ ಬೀಗ ಹಾಕಿದ ಹಾಗೆ, ಹಳೆಯ ಗುರುತು ಹಾಗೇ ಇರುತ್ತದೆ. ಕೆಳಗೆ ಖಾಲಿ ಜಾಗದಲ್ಲಿ ‘ಮದ್ಯಪಾನ ಇಲ್ಲ, ಹತ್ತಿಗೆ 20 ವರ್ಷ ಕೀಟನಾಶಕ ಸಿಂಪಡಣೆ’ ಎಂದು ಬರೆದಿದ್ದೇನೆ ಎಂದು ಓದಿ ತೋರಿಸಿದೆ.

ಅವರು ಪರದೆಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. “ಮ್ಯಾಲಿಂದು ಅಷ್ಟ ಓದಿ ಸುಮ್ನಾದ್ರ ಏನ್ ಮಾಡ್ತೀರಿ ಸಾಹೇಬ್ರ?” ಎಂದರು.